ಧಣಿಗಳ ಬಿಡುಗಡೆ, ಆಳುಗಳ ಬಿಡುಗಡೆ

ಶ್ರೀರಂಗಪಟ್ಟಣದ ಸುತ್ತಮುತ್ತಲ ಮಕ್ಕಳಿಗೆ ಲಾರ್ಡ್ ಕಾರ್ನ್‌ವಾಲಿಸ್‌ನ ಪರಿಚಯ ಮಾಡಿಕೊಡಬೇಕಾಗಿಲ್ಲ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದವನು ಅವನೇ. ಮರುವರ್ಷ ಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡು, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಒಯ್ದವನೂ ಅವನೇ. ಆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದಾಗ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಪಾಠ ಕೊನೆಗೆ ಬಂತೆಂದರೆ ಹಿಂದಿನ ಬೆಂಚಿನಿಂದ ಒಂದು ದನಿ ಏಳುತ್ತಿತ್ತು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸ್ ಶರಣಾದ ಎಂದು ಓದುವುದೇ ತಡ, "ಮಿಸ್, ನಮ್ಮೂರ್ಗೆ ಬಂದಿದ್ನಲ್ಲ, ಅದೇ ಕಾರ್ನ್‌ವಾಲೀಸಾ ಇವ್ನು?" ಹೌದು ಅವನೇ ಎಂದರೆ ತರಗತಿಗೆಲ್ಲ ಹಬ್ಬ. ಅಮೆರಿಕದ ಬಂಡಾಯಗಾರರು ತಮ್ಮದೊಂದು ಹಡಗಿಗೆ 'ಹೈದರ್ ಅಲಿ' ಎಂದೇ ಹೆಸರಿಟ್ಟಿದ್ದರು, 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಆ ಹಡಗು 'ಜನರಲ್ ಮಾಂಕ್' ಎಂಬ ಬ್ರಿಟಿಷ್ ನೌಕೆಯನ್ನು ಸೆರೆಹಿಡಿಯಿತು ಎಂದು ನಾನು ಸೇರಿಸಿದರೆ ಮಕ್ಕಳ ಉತ್ಸಾಹ ಇನ್ನೂ ಏರುತ್ತಿತ್ತು. ಬ್ರಿಟಿಷರಿಗೆ ಎದುರು ನಿಂತವರೆಲ್ಲ ನಮ್ಮವರು ಎಂಬ ಭಾವ ನಮ್ಮ ಸೀಮೆಯಲ್ಲಿ ತಾನಾಗಿಯೇ ಬರುತ್ತದೆ.

ನಿವೃತ್ತಿಯಾದ ಮೇಲೆ ಮಗಳು ಇರುವ ಮ್ಯಾಸಚೂಸೆಟ್ಸ್‌ಗೆ ಹೋಗಿಬರುವ ಅವಕಾಶ ಸಿಕ್ಕಿತು. ಅಲ್ಲಿನ ಗ್ರಂಥಾಲಯಗಳಲ್ಲಿ ಕೂತು ಈ ಯುದ್ಧದ ಬಗ್ಗೆ ಓದುತ್ತ ಹೋದಂತೆ, ತರಗತಿಯಲ್ಲಿ ಹೇಳಲು ಎಡೆಯೇ ಸಿಗದ ಒಂದು ಜನಸಮೂಹ ಎದುರಿಗೆ ಬಂದು ನಿಂತಿತು. ಅವರ ಕಥೆಯನ್ನು ಕನ್ನಡದಲ್ಲಿ ಹೇಳಬೇಕು ಎಂಬ ಒತ್ತಾಯದಿಂದ ಇದನ್ನು ಬರೆಯುತ್ತಿದ್ದೇನೆ.

ಯಾರ್ಕ್‌ಟೌನಿನಿಂದಲೇ ಹೇಳುತ್ತೇನೆ. ಪಾಠದಲ್ಲಿ ಅಲ್ಲಿ ಎರಡೇ ಪಕ್ಷ ಕಾಣುತ್ತವೆ. ಒಳಗೆ ಬ್ರಿಟಿಷರು, ಹೊರಗೆ ಮುತ್ತಿಗೆ ಹಾಕಿದ ಜಾರ್ಜ್ ವಾಷಿಂಗ್ಟನ್ ಮತ್ತು ಅವನ ಜೊತೆಗಾರರಾದ ಫ್ರೆಂಚರು. ಮೂರನೆಯವರೂ ಇದ್ದರು. ವರ್ಜೀನಿಯಾದ ಹೊಗೆಸೊಪ್ಪಿನ ತೋಟಗಳಿಂದ ತಪ್ಪಿಸಿಕೊಂಡು, ಬ್ರಿಟಿಷ್ ದಂಡಿನ ಹಿಂದೆ ಹೋದರೆ ಬಿಡುಗಡೆ ಎಂದು ನಂಬಿ ಬಂದಿದ್ದ ಸಾವಿರಾರು ಕಪ್ಪು ಗುಲಾಮರು. ಕಾರ್ನ್‌ವಾಲಿಸ್ ಈ ಜನರ ಕೈಯಿಂದಲೇ ಮಣ್ಣು ಅಗೆಸಿ ಒಡ್ಡು ಕಟ್ಟಿಸಿದ. ಮುತ್ತಿಗೆ ಬಿಗಿಯಾಗಿ ಆಹಾರ ಸಾಲದೆ ಬಂದು, ಸಿಡುಬು ಹಬ್ಬಿದಾಗ ಅದೇ ಜನರನ್ನು ಹೊರಕ್ಕೆ ದಬ್ಬಿಸಿದ. ಅಮೆರಿಕದ ಪಡೆಯಲ್ಲಿದ್ದ ಜೋಸೆಫ್ ಪ್ಲಮ್ ಮಾರ್ಟಿನ್ ಎಂಬ ಸಿಪಾಯಿ ಮುಪ್ಪಿನಲ್ಲಿ ಬರೆದ ನೆನಪುಗಳಲ್ಲಿ, ಅಲ್ಲಿನ ಕಾಡಿನ ತುಂಬ ಸತ್ತವರೂ ಸಾಯುತ್ತಿದ್ದವರೂ ಚೆಲ್ಲಾಡಿ ಬಿದ್ದಿದ್ದನ್ನು ಹೇಳುತ್ತಾನೆ. ಸತ್ತವರಲ್ಲಿ ಕೆಲವರ ಬಾಯಲ್ಲಿ ಸುಟ್ಟ ಮುಸುಕಿನ ಜೋಳದ ಚೂರು ಹಾಗೇ ಇತ್ತಂತೆ.

ಬದುಕಿ ಉಳಿದವರಿಗೆ ಏನಾಯಿತು? ಶರಣಾಗತಿಯ ಕರಾರಿನ ಪ್ರಕಾರ, ಬ್ರಿಟಿಷರ ವಶದಲ್ಲಿದ್ದ ಊರವರ 'ಆಸ್ತಿ'ಯನ್ನು ಅದರ ಒಡೆಯರು ವಾಪಸು ಕೇಳಿ ಪಡೆಯಬಹುದಾಗಿತ್ತು. ಓಡಿಬಂದ ಗುಲಾಮರನ್ನು ಹಿಡಿದು ಕಾವಲಿನಲ್ಲಿ ಇಡುವಂತೆ ವಾಷಿಂಗ್ಟನ್ ಆಜ್ಞೆ ಹೊರಡಿಸಿದ. ಅದೇ ವರ್ಷದ ಏಪ್ರಿಲ್‌ನಲ್ಲಿ 'ಸ್ಯಾವೇಜ್' ಎಂಬ ಬ್ರಿಟಿಷ್ ಯುದ್ಧನೌಕೆ ಪೊಟೊಮ್ಯಾಕ್ ನದಿಯಲ್ಲಿ ಬಂದು ನಿಂತಾಗ ಅವನ ಸ್ವಂತ ಮೌಂಟ್ ವರ್ನನ್ ತೋಟದಿಂದ 17 ಮಂದಿ ಹೊರಟುಹೋಗಿದ್ದರು. ಅವರಲ್ಲಿ ಲೂಸಿ ಮತ್ತು ಎಸ್ತರ್ ಎಂಬ ಇಬ್ಬರು ಹರೆಯದ ಹೆಣ್ಣುಮಕ್ಕಳು ಯಾರ್ಕ್‌ಟೌನಿನಲ್ಲಿ ಸಿಕ್ಕಿಬಿದ್ದರು. ಅವರನ್ನು ಮತ್ತೆ ತೋಟಕ್ಕೆ ಸಾಗಿಸಲಾಯಿತು.

ಅಮೆರಿಕ ಗೆದ್ದ ಕ್ಷಣವೇ ಲೂಸಿ, ಎಸ್ತರ್ ಸೋತ ಕ್ಷಣ. ನನಗೆ ಈ ಇಡೀ ಚರಿತ್ರೆಯಲ್ಲಿ ಮುಖ್ಯವಾಗಿ ಕಾಣುವುದು ಇದು. ಒಂದೇ ನೆಲದಲ್ಲಿ, ಒಂದೇ ಕಾಲಕ್ಕೆ, ಎರಡು ಸ್ವಾತಂತ್ರ್ಯ ಹೋರಾಟಗಳು ನಡೆದವು. ಒಂದು ಹೋರಾಟದವರು ತಮ್ಮ ಆಸ್ತಿಯನ್ನು ಯಾರೂ ಮುಟ್ಟಬಾರದು ಎಂದು ಕಾದಿದರು. ಇನ್ನೊಂದು ಹೋರಾಟದವರು, ಆ ಆಸ್ತಿಯ ಪಟ್ಟಿಯಲ್ಲಿ ತಮ್ಮ ಹೆಸರು ಇರಬಾರದು ಎಂದು ಕಾದಿದರು. ಎರಡನೆಯದನ್ನು ಮೊದಲನೆಯದರ ಬಾಲವೆಂಬಂತೆ, ಸಾಲದ್ದಕ್ಕೆ ಒಂದು ಅಡಿಟಿಪ್ಪಣಿಯೆಂಬಂತೆ ಹೇಳುವುದು ನನಗೆ ಸರಿಕಾಣುವುದಿಲ್ಲ.

ಬಿಳಿಯ ವಸಾಹತುಗಾರರ ದೂರು ಸುಳ್ಳಾಗಿರಲಿಲ್ಲ. ಫ್ರೆಂಚರೊಡನೆ ಏಳು ವರ್ಷ ಕಾದಾಡಿ ಸಾಲದಲ್ಲಿ ಮುಳುಗಿದ್ದ ಬ್ರಿಟನ್ ಆ ಹೊರೆಯನ್ನು ಸಾಗರದಾಚೆಯ ಹದಿಮೂರು ವಸಾಹತುಗಳ ತಲೆಗೂ ಕಟ್ಟಲು ಹೊರಟಿತು. 1765ರಲ್ಲಿ ಛಾಪಾ ಕಾಗದದ ತೆರಿಗೆ ಬಂತು. ಆಮೇಲೆ ಗಾಜು, ಕಾಗದ, ಬಣ್ಣ, ಚಹಾಗಳ ಮೇಲೆ ಸುಂಕ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ತಮ್ಮ ಪರವಾಗಿ ಒಬ್ಬ ಸದಸ್ಯನೂ ಇಲ್ಲದಿರುವಾಗ ತಮ್ಮ ಗಂಟಿಗೆ ಕೈಹಾಕುವ ಹಕ್ಕು ಅದಕ್ಕೆಲ್ಲಿದೆ ಎಂಬುದು ಅವರ ಪ್ರಶ್ನೆ. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ನೀರುಪಾಲಾಯಿತು. ಚಹಾ ಯಾರದು? ನಮ್ಮ ಹೈದರನೊಡನೆ ಅಷ್ಟರಲ್ಲಾಗಲೇ ಒಂದು ಯುದ್ಧ ಮಾಡಿ ಮುಗಿಸಿದ್ದ ಅದೇ ಈಸ್ಟ್ ಇಂಡಿಯಾ ಕಂಪನಿಯದು. ಒಪ್ಪಿಗೆಯಿಲ್ಲದ ಆಳ್ವಿಕೆ ಅನ್ಯಾಯ ಎಂಬ ಅವರ ತತ್ವವನ್ನು ನಾನು ಇವತ್ತಿಗೂ ಗೌರವಿಸುತ್ತೇನೆ. ಅದನ್ನು ಮಕ್ಕಳಿಗೆ ಹೇಳುವಾಗ ನನ್ನ ದನಿಯೂ ಏರುತ್ತಿತ್ತು.

ಆದರೆ ಅವರು ತಮ್ಮ ಕರಪತ್ರಗಳಲ್ಲಿ ಪದೇ ಪದೇ ಬರೆದದ್ದು ಏನು ಗೊತ್ತೇ? ಬ್ರಿಟನ್ ನಮ್ಮನ್ನು ಗುಲಾಮರನ್ನಾಗಿ ಮಾಡುತ್ತಿದೆ ಎಂದು. ಆ ಹೊತ್ತಿನಲ್ಲಿ ವಸಾಹತುಗಳಲ್ಲಿದ್ದ ಸುಮಾರು 25 ಲಕ್ಷ ಜನರಲ್ಲಿ ಐದರಲ್ಲೊಂದು ಪಾಲು ಕಪ್ಪು ಜನ, ಅವರಲ್ಲಿ ಬಹುತೇಕ ಎಲ್ಲರೂ ಗುಲಾಮರು. ಚಹಾದ ಸುಂಕ ಒಂದು ಪೌಂಡಿಗೆ ಮೂರು ಪೆನ್ಸ್. ಗುಲಾಮನಿಂದ ಕಿತ್ತುಕೊಂಡದ್ದಕ್ಕೆ ಸುಂಕದ ಲೆಕ್ಕವಿಲ್ಲ. ಅವನ ದುಡಿಮೆ ಪೂರ್ತಿ ಧಣಿಯದು, ಅವನ ಹೆಂಡತಿ ಹೆರುವ ಮಗುವೂ ಧಣಿಯದೇ. ಸ್ವಾತಂತ್ರ್ಯ ಇಲ್ಲವೇ ಸಾವು ಎಂದು 1775ರ ಮಾರ್ಚ್‌ನಲ್ಲಿ ಗುಡುಗಿದನೆಂದು ಹೆಸರಾದ ವರ್ಜೀನಿಯಾದ ಪ್ಯಾಟ್ರಿಕ್ ಹೆನ್ರಿ, ಅದಕ್ಕೆ ಎರಡು ವರ್ಷ ಮೊದಲು ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ ಗುಲಾಮಗಿರಿ ತಪ್ಪೆಂದು ಒಪ್ಪಿಕೊಂಡ. ಗುಲಾಮರಿಲ್ಲದೆ ಇಲ್ಲಿ ಬಾಳುವುದು ಅನನುಕೂಲ, ಆದ್ದರಿಂದ ಇಟ್ಟುಕೊಂಡಿದ್ದೇನೆ ಎಂದೂ ಅದರಲ್ಲೇ ಬರೆದ. ಅಷ್ಟು ಮೊನಚಾದ ಬುದ್ಧಿಯ ಮನುಷ್ಯನಿಗೆ ಅಷ್ಟು ದೊಡ್ಡ ಅನ್ಯಾಯಕ್ಕೆ 'ಅನನುಕೂಲ' ಎಂಬ ಒಂದು ಕಾರಣ ಸಾಕಾಯಿತು.

ಈ ವಿರೋಧಾಭಾಸವನ್ನು ಎತ್ತಿ ತೋರಿಸಲು ಆಮೇಲಿನ ಕಾಲದ ಇತಿಹಾಸಕಾರರೇ ಬರಬೇಕಾಗಲಿಲ್ಲ, ಸ್ವತಃ ಗುಲಾಮರೇ ತೋರಿಸಿದರು. ಚಹಾ ನೀರಿಗೆ ಬೀಳುವ ಹನ್ನೊಂದು ತಿಂಗಳು ಮೊದಲು, 1773ರ ಜನವರಿಯಲ್ಲಿ, ಮ್ಯಾಸಚೂಸೆಟ್ಸ್‌ನ ಗವರ್ನರ್ ಮತ್ತು ಶಾಸನಸಭೆಗೆ ಗುಲಾಮರ ಪರವಾಗಿ ಒಂದು ಅರ್ಜಿ ಹೋಯಿತು. ಕೆಳಗೆ 'ಫೆಲಿಕ್ಸ್' ಎಂದಷ್ಟೇ ಸಹಿ. ತಮಗೆ ಆಸ್ತಿಯಿಲ್ಲ, ಸಂಸಾರವಿಲ್ಲ, ತಮ್ಮದೆನ್ನಲು ಒಂದು ಊರಾಗಲಿ ದೇಶವಾಗಲಿ ಇಲ್ಲ ಎಂಬುದು ಅದರ ಅಳಲು. ಏಪ್ರಿಲ್‌ನಲ್ಲಿ ಇನ್ನೊಂದು ಮನವಿ, ಈ ಸಲ ಅಚ್ಚು ಹಾಕಿಸಿದ ಪತ್ರ. ಪೀಟರ್ ಬೆಸ್ಟೆಸ್, ಸ್ಯಾಂಬೊ ಫ್ರೀಮನ್, ಫೆಲಿಕ್ಸ್ ಹೋಲ್‌ಬ್ರೂಕ್, ಚೆಸ್ಟರ್ ಜಾಯ್ ಎಂಬ ನಾಲ್ವರು ಸಹಿ ಹಾಕಿದರು. ನಿಮ್ಮನ್ನು ಗುಲಾಮರನ್ನಾಗಿಸಲು ಹೊರಟವರ ವಿರುದ್ಧ ನೀವು ಇಷ್ಟು ಧೀರವಾಗಿ ನಿಂತಿದ್ದೀರಿ, ಆದ್ದರಿಂದ ನಿಮ್ಮಿಂದ ನಮಗೆ ಬಹಳ ನಿರೀಕ್ಷೆಯಿದೆ ಎಂದು ಮೊದಲಲ್ಲೇ ಹೇಳಿದರು. ಧಣಿಗಳ ಮಾತನ್ನೇ ಧಣಿಗಳ ಮುಂದಿಟ್ಟ ಬಗೆ ಇದು.

ಆ ಪತ್ರದಲ್ಲಿ ಅವರು ಕೇಳಿದ್ದನ್ನು ನೋಡಿ. ಸ್ಪೇನಿನವರು ತಮ್ಮ ಗುಲಾಮರಿಗೆ ವಾರಕ್ಕೆ ಒಂದು ದಿನ ಸ್ವಂತ ದುಡಿಮೆಗೆ ಬಿಟ್ಟುಕೊಡುತ್ತಾರೆ, ಆ ಗಳಿಕೆಯಲ್ಲಿ ಮಿಕ್ಕ ದಿನಗಳನ್ನು ಒಂದೊಂದಾಗಿ ಕೊಂಡುಕೊಂಡು ಅವರು ಬಿಡುಗಡೆ ಹೊಂದುತ್ತಾರೆ, ಹಾಗೆ ನಮಗೂ ಒಂದು ದಾರಿ ಮಾಡಿಕೊಡಿ ಎಂದರು. ತಮ್ಮ ಸ್ವಂತ ಸೋಮವಾರವನ್ನು, ಮಂಗಳವಾರವನ್ನು ದುಡ್ಡು ಕೊಟ್ಟು ಕೊಳ್ಳಲು ಅವರು ಸಿದ್ಧರಿದ್ದರು. ಬಿಡುಗಡೆಯಾದ ಮೇಲೆ ಹಣ ಕೂಡಿಸಿಕೊಂಡು ಆಫ್ರಿಕದ ಕರಾವಳಿಗೆ ಹೊರಟುಹೋಗುತ್ತೇವೆ ಎಂದೂ ಮಾತು ಕೊಟ್ಟರು. ಬಾಸ್ಟನ್ನಿನ ಬಿಳಿಯರು ಮೂರು ಪೆನ್ಸಿಗೆ ತಲೆಬಾಗುವುದಿಲ್ಲ ಎನ್ನುತ್ತಿದ್ದ ವರ್ಷ ಅದು. ಅದೇ ಊರಿನ ಕಪ್ಪು ಜನ ವಾರಕ್ಕೊಂದು ದಿನ ಕೊಟ್ಟರೆ ಸಾಕು ಎನ್ನುತ್ತಿದ್ದರು. ಸಿಗಲಿಲ್ಲ.

ಬಾಸ್ಟನ್ನಿನಲ್ಲಿ ಮಗಳು ನನ್ನನ್ನು ಫ್ಯಾನ್ಯುಯಿಲ್ ಹಾಲ್‌ಗೆ ಕರೆದುಕೊಂಡು ಹೋಗಿದ್ದಳು. ಬಂಡಾಯದ ಮುಖಂಡರು ಸಭೆ ಸೇರಿ ಭಾಷಣ ಮಾಡಿದ ಜಾಗ, ಸ್ವಾತಂತ್ರ್ಯದ ತೊಟ್ಟಿಲು ಎಂದು ಹೆಸರಾದದ್ದು. ಅದನ್ನು ಕಟ್ಟಿಸಿ ಊರಿಗೆ ಕೊಟ್ಟ ಪೀಟರ್ ಫ್ಯಾನ್ಯುಯಿಲ್ ಗುಲಾಮರ ವ್ಯಾಪಾರದಲ್ಲೂ ಹಣ ತೊಡಗಿಸಿದ್ದ ವರ್ತಕ. ಆ ಸಭಾಂಗಣದ ಬೆಂಚಿನಲ್ಲಿ ಕೂತು ನಾನು ಫೆಲಿಕ್ಸ್ ಹೋಲ್‌ಬ್ರೂಕ್‌ನ ಬಗ್ಗೆ ಯೋಚಿಸಿದೆ. 1777ರ ಜನವರಿಯಲ್ಲಿ, ಅಷ್ಟರಲ್ಲಿ ಸ್ವಾತಂತ್ರ್ಯ ಘೋಷಣೆಯೂ ಆಗಿಹೋಗಿತ್ತು, ಪ್ರಿನ್ಸ್ ಹಾಲ್ ಎಂಬ ಕಪ್ಪು ಮುಖಂಡ ಮತ್ತಿತರರು ಅದೇ ಘೋಷಣೆಯ ಧಾಟಿಯಲ್ಲಿ ಮತ್ತೊಂದು ಅರ್ಜಿ ಸಲ್ಲಿಸಿದರು. ಅದೂ ಕಡತದಲ್ಲೇ ಉಳಿಯಿತು.

ದಕ್ಷಿಣದಲ್ಲಿ ಅರ್ಜಿ ಬರೆಯುವ ಮಾತೇ ಇರಲಿಲ್ಲ. ಅಲ್ಲಿ ಇದ್ದದ್ದು ಕಾಲು, ಕತ್ತಲೆ, ನದಿ. 1775ರ ನವೆಂಬರ್‌ನಲ್ಲಿ ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಲಾರ್ಡ್ ಡನ್‌ಮೋರ್ ಹಡಗಿನ ಮೇಲಿಂದ ಒಂದು ಫರ್ಮಾನು ಹೊರಡಿಸಿದ. ಬಂಡಾಯಗಾರರ ಗುಲಾಮರಲ್ಲಿ ಆಯುಧ ಹಿಡಿಯಬಲ್ಲವರು ದೊರೆಯ ಪಡೆಗೆ ಬಂದು ಸೇರಿದರೆ ಅವರು ಸ್ವತಂತ್ರರು. ಡನ್‌ಮೋರ್ ಧರ್ಮಾತ್ಮನೇನಲ್ಲ, ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದವನು. ದೊರೆಗೆ ನಿಷ್ಠರಾದ ಧಣಿಗಳ ಗುಲಾಮರಿಗೆ ಆ ಫರ್ಮಾನಿನಲ್ಲಿ ಏನೂ ಇರಲಿಲ್ಲ. ಗುಲಾಮರು ಇದನ್ನು ಬಲ್ಲರು. ಆದರೂ ತೆರೆದ ಬಾಗಿಲು ಅದೊಂದೇ ಆಗಿದ್ದರಿಂದ ಹೊರಟರು. ಕರೆದದ್ದು ಗಂಡಾಳುಗಳನ್ನು ಮಾತ್ರವಾದರೂ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು, ಸಿಕ್ಕ ದೋಣಿ ಹತ್ತಿ ಬಂದರು. ಅವರಿಂದ ಕಟ್ಟಿದ 'ಇಥಿಯೋಪಿಯನ್ ರೆಜಿಮೆಂಟ್' ಎಂಬ ಪಡೆಯನ್ನು ಗುಂಡಿಗಿಂತ ಹೆಚ್ಚಾಗಿ ಕೊಂದದ್ದು ಸಿಡುಬು. 1776ರ ಬೇಸಿಗೆಯಲ್ಲಿ ಗ್ವಿನ್ ದ್ವೀಪದಲ್ಲಿ ನೂರಾರು ಜನರನ್ನು ಮಣ್ಣು ಮಾಡಿ ಡನ್‌ಮೋರ್ ಅಲ್ಲಿಂದ ಕಾಲುಕಿತ್ತ.

ಸುದ್ದಿ ಮಾತ್ರ ತೋಟದಿಂದ ತೋಟಕ್ಕೆ ಹರಡಿಯಾಗಿತ್ತು. ಧಣಿಗಳಿಗೆ ಅದರಿಂದ ಹುಟ್ಟಿದ ಭಯ ಎಷ್ಟೆಂದರೆ, ಅದುವರೆಗೆ ಯಾವ ಕಡೆ ವಾಲಬೇಕೆಂದು ಹೊಯ್ದಾಡುತ್ತಿದ್ದ ಎಷ್ಟೋ ಜಮೀನುದಾರರು ಬಂಡಾಯದ ಪಕ್ಷ ಸೇರಿದರು. 1776ರ ಜುಲೈ 4ರ ಸ್ವಾತಂತ್ರ್ಯ ಘೋಷಣೆಯಲ್ಲಿ ದೊರೆಯ ಮೇಲೆ ಹೊರಿಸಿದ ಆಪಾದನೆಗಳ ಪಟ್ಟಿಯಲ್ಲಿ, ಅವನು ನಮ್ಮೊಳಗೇ ದಂಗೆ ಎಬ್ಬಿಸಿದ್ದಾನೆ ಎಂಬುದೂ ಸೇರಿಕೊಂಡಿತು. ಎಲ್ಲ ಮನುಷ್ಯರೂ ಸಮಾನರು ಎಂದು ಸಾರುವ ದಸ್ತಾವೇಜು ಅದು. ಗುಲಾಮರು ಆ ಮಾತನ್ನು ನಿಜವೆಂದು ಹಿಡಿದು ನಡೆದದ್ದು ಅದರಲ್ಲೇ ಅಪರಾಧವಾಗಿ ದಾಖಲಾಯಿತು. ಅದನ್ನು ಬರೆದ ಥಾಮಸ್ ಜೆಫರ್ಸನ್ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದವನು. ಫಿಲಡೆಲ್ಫಿಯಾದಲ್ಲಿ ಅವನು ಘೋಷಣೆ ಬರೆಯುತ್ತಿದ್ದ ದಿನಗಳಲ್ಲಿ ಅವನ ಬಟ್ಟೆಬರೆ, ಬೇಕುಬೇಡ ನೋಡಿಕೊಳ್ಳುತ್ತಿದ್ದವನು ರಾಬರ್ಟ್ ಹೆಮಿಂಗ್ಸ್, ಹದಿನಾಲ್ಕು ವರ್ಷದ ಗುಲಾಮ ಹುಡುಗ. ನನ್ನ ಒಂಬತ್ತನೇ ತರಗತಿಯ ಮಕ್ಕಳ ವಯಸ್ಸು. ಕರಡಿನಲ್ಲಿ ಜೆಫರ್ಸನ್ ಗುಲಾಮರ ವ್ಯಾಪಾರವನ್ನು ಖಂಡಿಸಿ, ಅದರ ಹೊಣೆಯನ್ನು ದೊರೆಯ ತಲೆಗೆ ಕಟ್ಟಿ ಒಂದು ಉದ್ದನೆಯ ಭಾಗ ಬರೆದಿದ್ದ. ದಕ್ಷಿಣ ಕೆರೊಲಿನಾ, ಜಾರ್ಜಿಯಾದವರು ಒಪ್ಪಲಿಲ್ಲ. ಅದನ್ನು ತೆಗೆದುಹಾಕಿದರು.

ಕಪ್ಪು ಜನರೆಲ್ಲ ಬ್ರಿಟಿಷರ ಕಡೆ ಹೋದರು ಎಂದುಕೊಳ್ಳಬೇಡಿ. 1770ರಲ್ಲಿ ಬಾಸ್ಟನ್ ಬೀದಿಯಲ್ಲಿ ಬ್ರಿಟಿಷ್ ಸಿಪಾಯಿಗಳ ಗುಂಡಿಗೆ ಸತ್ತ ಐವರಲ್ಲಿ ಆಫ್ರಿಕನ್ ಮತ್ತು ಮೂಲನಿವಾಸಿ ರಕ್ತದ ಕ್ರಿಸ್ಪಸ್ ಅಟಕ್ಸ್ ಒಬ್ಬ. ವಾಷಿಂಗ್ಟನ್ ಕಡೆ ಸುಮಾರು 5,000 ಕಪ್ಪು ಜನ ಹೋರಾಡಿದರು. ಸಿಪಾಯಿಗಳು ಸಾಲದೆ ಬಂದಾಗ ರೋಡ್ ಐಲೆಂಡ್ ರಾಜ್ಯ 1778ರ ಫೆಬ್ರವರಿಯಲ್ಲಿ, ಸೇನೆ ಸೇರುವ ಗುಲಾಮನಿಗೆ ಬಿಡುಗಡೆ, ಧಣಿಗೆ ಪರಿಹಾರ ಎಂದು ಕಾನೂನು ಮಾಡಿತು. ಧಣಿಗಳು ಗಲಾಟೆ ಎಬ್ಬಿಸಿದ ಮೇಲೆ ಕೆಲವೇ ತಿಂಗಳಲ್ಲಿ ಆ ಭರ್ತಿ ನಿಂತಿತು. ಬಿಡುಗಡೆ ಹತ್ತಿರವಿದ್ದ ಕಡೆಗೆ ಅವರು ಹೋದರು ಎನ್ನುವುದು ಸರಿಯಾದ ಮಾತು. ದೊರೆಯ ಬಾವುಟವೋ ಬಂಡಾಯದ ಬಾವುಟವೋ ಎಂಬುದು ಅವರಿಗೆ ಎರಡನೆಯ ಪ್ರಶ್ನೆ. ಇದನ್ನು ದ್ರೋಹವೆಂದು ಕರೆದವರಿದ್ದಾರೆ. ತನ್ನ ಮಗಳನ್ನು ಹರಾಜು ಹಾಕುವ ಹಕ್ಕು ಇಟ್ಟುಕೊಂಡ ದೇಶಕ್ಕೆ ಯಾವ ತಾಯಿಯ ನಿಷ್ಠೆ ಸಲ್ಲಬೇಕು ಎಂದು ಅವರನ್ನು ಕೇಳಬೇಕು.

ಇವರಲ್ಲಿ ನಾನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡಿರುವುದು ಮಮ್ ಬೆಟ್‌ಳನ್ನು. ಮ್ಯಾಸಚೂಸೆಟ್ಸ್‌ನ ಪಶ್ಚಿಮದ ತುದಿಯಲ್ಲಿ ಶೆಫೀಲ್ಡ್ ಎಂಬ ಹಳ್ಳಿಯಿದೆ. ಅಲ್ಲಿ ಕರ್ನಲ್ ಜಾನ್ ಆ್ಯಶ್ಲಿಯ ಮರದ ಮನೆ ಇನ್ನೂ ನಿಂತಿದೆ. ಮೇಲಂತಸ್ತಿನಲ್ಲಿ ಗೋಡೆಗೆಲ್ಲ ಹಲಗೆ ಹೊದಿಸಿದ ಒಂದು ಕೋಣೆ. 1773ರ ಜನವರಿಯಲ್ಲಿ ಊರ ಪ್ರಮುಖರು ಅಲ್ಲಿ ಸೇರಿ ಬ್ರಿಟಿಷ್ ದಬ್ಬಾಳಿಕೆಯ ವಿರುದ್ಧ ಠರಾವು ತಯಾರಿಸಿದರು. ಮನುಷ್ಯರು ಸಹಜವಾಗಿ ಸಮಾನರು, ಸ್ವತಂತ್ರರು ಎಂಬುದು ಅದರ ಮೊದಲ ಅಂಶ. ಅದನ್ನು ಬರೆದುಕೊಂಡವನು ಥಿಯೊಡೋರ್ ಸೆಜ್‌ವಿಕ್ ಎಂಬ ಯುವ ವಕೀಲ. ಮೇಲೆ ಆ ಚರ್ಚೆ ನಡೆಯುವ ಕಾಲಕ್ಕೆ ಆ ಮನೆಯ ಕಸ ಗುಡಿಸಿ, ಒಲೆ ಹಚ್ಚಿ, ಬಡಿಸುತ್ತಿದ್ದವಳು ಬೆಟ್. ಓದು ಬರಹ ಬಾರದವಳು. ಹುಟ್ಟಿದ ತಾರೀಖು ಕೂಡ ಎಲ್ಲೂ ದಾಖಲಾಗದವಳು.

ಒಂದು ದಿನ ಮನೆಯೊಡತಿ ಹ್ಯಾನಾ ಆ್ಯಶ್ಲಿಗೆ ಸಿಟ್ಟು ನೆತ್ತಿಗೇರಿ, ಲಿಜಿ ಎಂಬ ಹುಡುಗಿಗೆ ಹೊಡೆಯಲು ಒಲೆಯಲ್ಲಿ ಕಾದಿದ್ದ ಕಬ್ಬಿಣದ ಸಲಿಕೆಯನ್ನು ಎತ್ತಿದಳು. ಬೆಟ್ ಅಡ್ಡ ಕೈಕೊಟ್ಟಳು. ಏಟು ತೋಳಿನ ಮೇಲೆ ಬಿದ್ದು ಎಲುಬಿನ ತನಕ ಸೀಳಿತು. ಆ ಗಾಯಕ್ಕೆ ಆಕೆ ಬಟ್ಟೆ ಮುಚ್ಚಲಿಲ್ಲವಂತೆ. ಏನಾಯಿತು ತೋಳಿಗೆ ಎಂದು ಬಂದವರು ಕೇಳಿದರೆ, ಅಮ್ಮನವರನ್ನೇ ಕೇಳಿ ಎನ್ನುತ್ತಿದ್ದಳಂತೆ. ಸೆಜ್‌ವಿಕ್‌ನ ಮಗಳು ಕ್ಯಾಥರಿನ್ ಇದನ್ನು ಬೆಟ್‌ಳ ಬಾಯಿಂದಲೇ ಕೇಳಿ ಮುಂದೆ ಬರೆದಿಟ್ಟಳು. ಆ ಮನೆಯ ಅಡುಗೆ ಒಲೆ ತುಂಬ ಅಗಲವಾದದ್ದು, ಒಬ್ಬ ಮನುಷ್ಯ ಬಗ್ಗಿ ಒಳಗೆ ಹೋಗಬಹುದು. ಅದರ ಮುಂದೆ ನಿಂತು ನನ್ನ ಮಗಳಿಗೆ ಈ ಪ್ರಸಂಗ ಹೇಳಿದೆ. ಅವಳು ಆ ರಾಜ್ಯದಲ್ಲಿ ಇಷ್ಟು ವರ್ಷ ಇದ್ದರೂ ಇದನ್ನು ಕೇಳಿರಲಿಲ್ಲ.

1780ರಲ್ಲಿ ಮ್ಯಾಸಚೂಸೆಟ್ಸ್ ತನ್ನದೇ ಸಂವಿಧಾನ ಮಾಡಿಕೊಂಡಿತು. ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂಬ ಮಾತು ಅದರ ಮೊದಲ ವಿಧಿಯಲ್ಲೇ ಇತ್ತು. ಬೆಟ್ ಅದನ್ನು ಕಿವಿಯಾರೆ ಕೇಳಿದಳು, ಸೀದಾ ಸೆಜ್‌ವಿಕ್‌ನ ಬಳಿಗೆ ಹೋದಳು. ಹಾಗಾದರೆ ಕಾನೂನು ನನಗೂ ಬಿಡುಗಡೆ ಕೊಡಬೇಕಲ್ಲವೇ ಎಂದು ಕೇಳಿದಳು. ಆ್ಯಶ್ಲಿಯ ಮನೆಯಲ್ಲಿ ಠರಾವು ಬರೆದವನೇ ಆ್ಯಶ್ಲಿಯ ವಿರುದ್ಧ ಅವಳ ವಕೀಲನಾದ. ಬ್ರೋಮ್ ಎಂಬ ಇನ್ನೊಬ್ಬ ಗುಲಾಮನನ್ನೂ ವಾದಿಯಾಗಿ ಸೇರಿಸಿಕೊಂಡರು. 1781ರ ಆಗಸ್ಟ್‌ನಲ್ಲಿ ಗ್ರೇಟ್ ಬ್ಯಾರಿಂಗ್ಟನ್ ನ್ಯಾಯಾಲಯದ ಜ್ಯೂರಿ, ಇವರಿಬ್ಬರೂ ಆ್ಯಶ್ಲಿಯ ಗುಲಾಮರಲ್ಲ ಎಂದು ತೀರ್ಪಿತ್ತು 30 ಷಿಲಿಂಗ್ ಪರಿಹಾರ ಕೊಡಿಸಿತು. ಯಾರ್ಕ್‌ಟೌನಿಗೆ ಇನ್ನೂ ಎರಡು ತಿಂಗಳಿತ್ತು. ಆಕೆ ಎಲಿಜಬೆತ್ ಫ್ರೀಮನ್ ಎಂದು ಹೆಸರಿಟ್ಟುಕೊಂಡಳು, ಆ್ಯಶ್ಲಿ ಸಂಬಳ ಕೊಡುತ್ತೇನೆಂದು ಕರೆದರೂ ಹೋಗದೆ ಸೆಜ್‌ವಿಕ್ ಮನೆಯಲ್ಲಿ ದುಡಿದಳು, ಸೂಲಗಿತ್ತಿಯಾಗಿ ಆ ಸೀಮೆಯಲ್ಲಿ ಹೆಸರು ಮಾಡಿದಳು, ಸ್ವಂತ ಮನೆ ಕೊಂಡಳು. ಅವಳ ಮೊಕದ್ದಮೆಯ ಕಾಲಕ್ಕೇ ಕ್ವಾಕ್ ವಾಕರ್ ಎಂಬ ಇನ್ನೊಬ್ಬ ಗುಲಾಮನ ಮೊಕದ್ದಮೆಗಳೂ ನಡೆದವು. 1783ರಲ್ಲಿ ಮುಖ್ಯ ನ್ಯಾಯಾಧೀಶ ವಿಲಿಯಂ ಕುಶಿಂಗ್, ಗುಲಾಮಗಿರಿ ಈ ಸಂವಿಧಾನಕ್ಕೆ ಹೊಂದುವುದಿಲ್ಲ ಎಂದು ಜ್ಯೂರಿಗೆ ಹೇಳಿದ. 1790ರ ಮೊದಲ ಜನಗಣತಿಯಲ್ಲಿ ಆ ರಾಜ್ಯದ ಗುಲಾಮರ ಕಲಂನಲ್ಲಿ ಒಬ್ಬರೂ ಇರಲಿಲ್ಲ.

ಇಡೀ ದೇಶದ ಮಟ್ಟಿಗೆ ನಡೆದದ್ದು ಬೇರೆಯೇ. 1782ರ ನವೆಂಬರ್ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಶಾಂತಿ ಕರಾರಿನ ಕರಡು ಸಿದ್ಧವಾಯಿತು. ಕೊನೆಯ ಗಳಿಗೆಯಲ್ಲಿ ಬಂದು ಸೇರಿದ ಅಮೆರಿಕದ ಪ್ರತಿನಿಧಿ ಹೆನ್ರಿ ಲಾರೆನ್ಸ್ ಒಂದು ಮಾತು ಸೇರಿಸಿದ. ಬ್ರಿಟಿಷರು ತೆರವು ಮಾಡುವಾಗ ಅಮೆರಿಕನ್ನರ ಕಪ್ಪು ಆಳುಗಳನ್ನಾಗಲಿ ಬೇರೆ ಆಸ್ತಿಯನ್ನಾಗಲಿ ಒಯ್ಯಕೂಡದು. ಲಾರೆನ್ಸ್ ಹಿಂದೆ ಚಾರ್ಲ್ಸ್‌ಟನ್ನಿನಲ್ಲಿ ಗುಲಾಮರನ್ನು ಹಡಗುಗಟ್ಟಲೆ ಮಾರಿಸಿದ ವರ್ತಕ. ಎದುರು ಕೂತು ಒಪ್ಪಿದ ಬ್ರಿಟಿಷ್ ಪ್ರತಿನಿಧಿ ರಿಚರ್ಡ್ ಆಸ್ವಾಲ್ಡ್ ಪಶ್ಚಿಮ ಆಫ್ರಿಕದ ಬನ್ಸ್ ದ್ವೀಪದಲ್ಲಿ ಗುಲಾಮರ ಕೋಟೆಯ ಪಾಲುದಾರ. ಅವನು ಕಳಿಸಿದ ಜನರನ್ನು ಇವನು ಕಮಿಷನ್ ತೆಗೆದುಕೊಂಡು ಮಾರುತ್ತಿದ್ದ. ಎರಡು ದೇಶಗಳ ವೈರ ಮುಗಿಸಲು ಕೂತವರು ಹಳೆಯ ವ್ಯವಹಾರದ ಪಾಲುದಾರರು. ಲಂಡನ್ನಿನಲ್ಲಿ ಸೆರೆಯಲ್ಲಿದ್ದ ಈ ಲಾರೆನ್ಸ್‌ಗೆ ಪ್ರತಿಯಾಗಿ ಯುದ್ಧಕೈದಿಯ ಕಟ್ಟುಪಾಡಿನಿಂದ ಬಿಡುಗಡೆ ಪಡೆದವನು ಕಾರ್ನ್‌ವಾಲಿಸ್. ಹಾಗೆ ಬಿಡುಗಡೆಯಾದ ನಾಲ್ಕೇ ವರ್ಷಕ್ಕೆ ಅವನು ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದಿಳಿದ.

ಆಗ ನ್ಯೂಯಾರ್ಕಿನಲ್ಲಿ ಬ್ರಿಟಿಷರ ನೆರಳಲ್ಲಿ ಸಾವಿರಾರು ಮಾಜಿ ಗುಲಾಮರಿದ್ದರು. ಧಣಿಗಳು ಊರೊಳಗೆ ಬಂದು ಬೀದಿಯಲ್ಲೇ ಹಿಡಿಯತೊಡಗಿದರು. 1783ರ ಮೇ 6ರಂದು ಟಪ್ಪಾನ್ ಎಂಬಲ್ಲಿ ವಾಷಿಂಗ್ಟನ್ ಬ್ರಿಟಿಷ್ ದಂಡನಾಯಕ ಗೈ ಕಾರ್ಲ್‌ಟನ್‌ನನ್ನು ಕಂಡಾಗ ಮೊದಲು ಎತ್ತಿದ ವಿಷಯ ಇದೇ. ನಮ್ಮ ಆಸ್ತಿ ಹಿಂದಿರುಗಿಸಿ. ಕಾರ್ಲ್‌ಟನ್ ಬಗ್ಗಲಿಲ್ಲ. ನಮ್ಮ ಫರ್ಮಾನುಗಳನ್ನು ನಂಬಿ ಬಂದವರು ಕರಾರಿಗೆ ಮೊದಲೇ ಸ್ವತಂತ್ರರಾಗಿದ್ದಾರೆ, ಕೊಟ್ಟ ಮಾತನ್ನು ಮುರಿಯುವುದು ಅಪಮಾನ ಎಂದ. ಬೇಕಾದರೆ ಮುಂದೆ ಪರಿಹಾರ ಕೇಳಲು ಅನುಕೂಲವಾಗಲಿ ಎಂದು ಹಡಗು ಹತ್ತುವ ಪ್ರತಿಯೊಬ್ಬರ ವಿವರ ಬರೆಸಿದ. ಸುಮಾರು 3,000 ಮಂದಿಯ ಆ ದಫ್ತರ ಇವತ್ತಿಗೂ ಉಳಿದಿದೆ. ಹಡಗಿನ ಹೆಸರು, ಎಲ್ಲಿಗೆ ಪ್ರಯಾಣ, ಹೆಸರು, ವಯಸ್ಸು, ಚಹರೆ, ಯಾರ ಗುಲಾಮ, ಯಾವಾಗ ಬಿಟ್ಟುಬಂದದ್ದು ಎಂಬ ಕಲಂಗಳು. ಚಹರೆ ಬರೆದ ಗುಮಾಸ್ತರ ಕಣ್ಣು ಸಂತೆಯಲ್ಲಿ ದನ ನೋಡುವ ಕಣ್ಣು. ಆದರೂ ಆ ಸಾಲುಗಳಲ್ಲಿ ಜೀವಗಳಿವೆ. ಡೆಬೊರಾ ಎಂಬ ಇಪ್ಪತ್ತು ವರ್ಷದ ಹೆಣ್ಣು, ಮುಖದಲ್ಲಿ ಸಿಡುಬಿನ ಕಲೆ, ನಾಲ್ಕು ವರ್ಷದ ಹಿಂದೆ ಜನರಲ್ ವಾಷಿಂಗ್ಟನ್ ಬಳಿಯಿಂದ ಬಂದವಳು. ಕೆಲವು ಕೂಸುಗಳ ಮುಂದೆ, ಬ್ರಿಟಿಷರ ಗಡಿಯೊಳಗೆ ಸ್ವತಂತ್ರವಾಗಿ ಹುಟ್ಟಿದ್ದು ಎಂಬ ಷರಾ. ಆ ಷರಾ ಓದಿದಾಗ ನನಗೆ ಗಂಟಲು ಕಟ್ಟಿತು. ಒಬ್ಬ ತಾಯಿ ಅಷ್ಟು ದೂರ ನಡೆದುಬಂದದ್ದರ ಫಲ ಆ ಒಂದು ಸಾಲು.

ಅದೇ ದಫ್ತರದಲ್ಲಿ 43 ವರ್ಷದ ಹ್ಯಾರಿ ವಾಷಿಂಗ್ಟನ್ ಇದ್ದಾನೆ. ಆಫ್ರಿಕದ ಗ್ಯಾಂಬಿಯಾ ಸೀಮೆಯಲ್ಲಿ ಹುಟ್ಟಿದವನು. 1763ರಲ್ಲಿ ಜಾರ್ಜ್ ವಾಷಿಂಗ್ಟನ್ ಅವನನ್ನು ಕೊಂಡು ಜೌಗು ಬಯಲಿನ ಕೆಲಸಕ್ಕೆ ಹಾಕಿದ. 1771ರಲ್ಲಿ ಓಡಿಹೋಗಿ ಸಿಕ್ಕಿಬಿದ್ದ. 1776ರಲ್ಲಿ ಮತ್ತೆ ಓಡಿ ಡನ್‌ಮೋರ್‌ನ ಹಡಗು ಸೇರಿಕೊಂಡ, ಬ್ರಿಟಿಷ್ ಪಡೆಯಲ್ಲಿ ಕಾರ್ಪೋರಲ್ ಆದ. 1783ರ ಜುಲೈನಲ್ಲಿ 'ಲಬಂಡಾನ್ಸ್' ಹಡಗು ಹತ್ತಿ ಕೆನಡಾದ ನೋವಾ ಸ್ಕೋಶಿಯಾಕ್ಕೆ ಹೋದ. ಅಲ್ಲಿ ಬಿಡುಗಡೆ ಇತ್ತು, ಬದುಕಲು ನೆಲ ಇರಲಿಲ್ಲ. ಬಿಳಿಯರಿಗೆ ಮೊದಲು ಹಂಚಿ, ಕಪ್ಪು ಜನರಿಗೆ ಕಲ್ಲುನೆಲ ಬಿಟ್ಟರು. ಕಡಿಮೆ ಕೂಲಿಗೆ ದುಡಿದು ನಮ್ಮ ಕೆಲಸ ಕಸಿಯುತ್ತಾರೆಂದು 1784ರಲ್ಲಿ ಬಿಳಿಯ ಮಾಜಿ ಸಿಪಾಯಿಗಳು ಶೆಲ್ಬರ್ನ್ ಊರಿನಲ್ಲಿ ಅವರ ಮನೆಗಳನ್ನು ಕೆಡವಿದರು. ಥಾಮಸ್ ಪೀಟರ್ಸ್ ಎಂಬ ಮಾಜಿ ಗುಲಾಮ ಸಾಗರ ದಾಟಿ ಲಂಡನ್ನಿಗೆ ಹೋಗಿ ತಮ್ಮವರ ಸಂಕಟ ಹೇಳಿಕೊಂಡ. ಸಿಯೆರಾ ಲಿಯೋನ್ ಕಂಪನಿಯ ಪರವಾಗಿ ಜಾನ್ ಕ್ಲಾರ್ಕ್‌ಸನ್ ಎಂಬ ನೌಕಾಧಿಕಾರಿ ಬಂದು, ಆಫ್ರಿಕದ ಕರಾವಳಿಯಲ್ಲಿ ಗಂಡಸಿಗೆ 20 ಎಕರೆ, ಹೆಂಡತಿಗೆ 10, ಮಗುವೊಂದಕ್ಕೆ 5, ಕಂದಾಯವಿಲ್ಲ ಎಂದು ಮಾತುಕೊಟ್ಟ. 1792ರ ಜನವರಿಯಲ್ಲಿ 15 ಹಡಗುಗಳಲ್ಲಿ ಸುಮಾರು 1,200 ಮಂದಿ ಹೊರಟರು. ಅವರು ಅಲ್ಲಿ ಇಳಿದು ಫ್ರೀಟೌನ್ ಕಟ್ಟಲು ಗಿಡಗಂಟಿ ಕಡಿಯುತ್ತಿದ್ದ ಹೊತ್ತಿಗೇ ಇಲ್ಲಿ ಕಾರ್ನ್‌ವಾಲಿಸ್ ಟಿಪ್ಪುವಿನೊಡನೆ ಸಂಧಿ ಮಾಡಿಕೊಳ್ಳುತ್ತಿದ್ದ.

ನೆಲ ಹೇಳಿದಷ್ಟು ಸಿಗಲಿಲ್ಲ. ಮೇಲೆ ಕಂಪನಿ ಆ ನೆಲಕ್ಕೆ ಕಂದಾಯ ಹೇರಿತು. ಈ ಜನ ಕೊಡುವುದಿಲ್ಲ ಎಂದರು. ತಮ್ಮ ಪ್ರತಿನಿಧಿಗಳನ್ನು ಆರಿಸಿಕೊಂಡರು, ನಮ್ಮ ನ್ಯಾಯಾಧೀಶರನ್ನು ನಾವೇ ನೇಮಿಸಿಕೊಳ್ಳುತ್ತೇವೆ ಎಂದರು. 1800ರ ಸೆಪ್ಟೆಂಬರ್‌ನಲ್ಲಿ ತಮ್ಮದೇ ಕಾಯ್ದೆ ಬರೆದು ಊರಲ್ಲಿ ಅಂಟಿಸಿದರು. ಒಪ್ಪಿಗೆಯಿಲ್ಲದ ತೆರಿಗೆ ಕೊಡೆವು ಎಂದು ಬಾಸ್ಟನ್ನಿನವರು ಎದ್ದದ್ದೂ ಇದೇ ಪ್ರಶ್ನೆಗೆ. ಅವರಿಗೆ ಸಾಗರದಾಚೆಯಿಂದ ಫ್ರೆಂಚ್ ಹಡಗುಗಳು ನೆರವಿಗೆ ಬಂದವು. ಇವರ ಮೇಲೆ ಕಂಪನಿ, ಆಗಷ್ಟೇ ಹಡಗಿನಿಂದ ಇಳಿದಿದ್ದ ಜಮೈಕಾದ ಮರೂನರನ್ನು ಬಿಟ್ಟಿತು. ಮರೂನರು ಸ್ವತಃ ಬ್ರಿಟಿಷರ ವಿರುದ್ಧ ಕಾದಾಡಿ ಗಡೀಪಾರಾಗಿದ್ದ ಕಪ್ಪು ಜನ. ದಂಗೆ ಕೆಲವೇ ದಿನಗಳಲ್ಲಿ ಅಡಗಿತು. ಐಸಾಕ್ ಆ್ಯಂಡರ್ಸನ್, ಫ್ರಾಂಕ್ ಪ್ಯಾಟ್ರಿಕ್ ಎಂಬಿಬ್ಬರನ್ನು ಗಲ್ಲಿಗೇರಿಸಿದರು.

ವಿಚಾರಣೆಗೆ ನಿಂತವರಲ್ಲಿ ಹ್ಯಾರಿ ವಾಷಿಂಗ್ಟನ್ ಕೂಡ ಇದ್ದ. ಆಗ ಅವನಿಗೆ ಅರವತ್ತರ ಆಸುಪಾಸು. ಅವನ ಹಳೆಯ ಧಣಿ ಹಿಂದಿನ ಡಿಸೆಂಬರ್‌ನಲ್ಲಿ, ರಾಷ್ಟ್ರಪಿತನೆಂಬ ಗೌರವದೊಂದಿಗೆ, ಮೌಂಟ್ ವರ್ನನ್ನಿನಲ್ಲಿ ತೀರಿಕೊಂಡಿದ್ದ. ತನ್ನ ಗುಲಾಮರಿಗೆ ಹೆಂಡತಿಯ ಕಾಲಾನಂತರ ಬಿಡುಗಡೆ ಎಂದು ಉಯಿಲಿನಲ್ಲಿ ಬರೆದಿದ್ದ. ಹ್ಯಾರಿ ಅದನ್ನು 23 ವರ್ಷ ಮೊದಲೇ ತಾನಾಗಿ ತೆಗೆದುಕೊಂಡಿದ್ದವನು. ಸೈನಿಕ ನ್ಯಾಯಮಂಡಳಿ ಅವನನ್ನು ನದಿಯಾಚೆಯ ಬುಲಮ್ ದಂಡೆಗೆ ಗಡೀಪಾರು ಮಾಡಿತು. ಅಲ್ಲಿ ನೆಲೆ ನಿಂತ ಗಡೀಪಾರಾದವರಿಗೆ ಹ್ಯಾರಿ ಮುಖಂಡನಾದ.